ಎಫ್-150ಗೆ ಟಯರು: ಹಿಮದ ಹೈವೇಗೂ ಕೆಸರಿನ ಟ್ರೇಲಿಗೂ ಒಂದೇ ಸೆಟ್ ಸಾಕಾ?

ಕೆಸರುಕಾಲು

ಎಲ್ಲರಿಗೂ ನಮಸ್ಕಾರ. ಇರೋದು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ. ಗಾಡಿ ಫೋರ್ಡ್ ಎಫ್-150 ಪಿಕಪ್ ಟ್ರಕ್, ಫೋರ್ ವೀಲ್ ಡ್ರೈವ್, ಹಿಂದಿನ ಆಕ್ಸಲ್‌ನಲ್ಲಿ ಲಾಕರ್ (ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಮಾಡೋದು) ಇದೆ. ಈಗ ಇರೋದು ಗಾಡಿ ಜೊತೆ ಬಂದ ಆಲ್ ಸೀಸನ್ ಟಯರು, 275/65ಆರ್18, ಲೋಡ್ ಇಂಡೆಕ್ಸ್ (ಹೊರುವ ಭಾರದ ಅಂಕಿ) 116. ಬಟನ್ (ಟಯರಿನ ಮೈ ಮೇಲಿನ ಉಬ್ಬು ತುಂಡು) ಸವೆದು 4/32 ಇಂಚಿಗೆ ಬಂದಿದೆ. ಎಂ+ಎಸ್ (ಮಡ್ ಮತ್ತು ಸ್ನೋ) ಅಂತ ಬರೆದಿದೆ, ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಇಲ್ಲ.

ಓಡಾಟ ಹೀಗೆ: ವಾರವಿಡೀ ಊರೊಳಗೆ. ಚಳಿಗಾಲದಲ್ಲಿ ತಿಂಗಳಿಗೆ ಎರಡು ಸಲ ಟ್ರಾನ್ಸ್-ಕೆನಡಾ ಹೈವೇ ಹಿಡಿದು ಗೋಲ್ಡನ್, ಒಮ್ಮೊಮ್ಮೆ ರೋಜರ್ಸ್ ಪಾಸ್ ದಾಟಿ ರೆವೆಲ್‌ಸ್ಟೋಕ್. ಮೇಯಿಂದ ಅಕ್ಟೋಬರ್‌ವರೆಗೆ ರಜಾದಿನಗಳಲ್ಲಿ ಮೆಕ್ಲೀನ್ ಕ್ರೀಕ್, ವೈಪರಸ್ ಕಡೆಯ ಕೆಸರು ಟ್ರೇಲು (ಕಾಡುದಾರಿ). ಹಿಂದಿನ ಡೆಕ್ಕಿನಲ್ಲಿ 200 ಕೆ.ಜಿ. ಮೀರಲ್ಲ, ಟ್ರೇಲರ್ ಎಳೆಯಲ್ಲ.

ಕೇಳಬೇಕಾದದ್ದು ಇಷ್ಟು: ಒಂದೇ ಸೆಟ್ಟಿನಲ್ಲಿ ಎರಡೂ ಕೆಲಸ ಆಗುತ್ತಾ, ಇಲ್ಲ ಎರಡು ಸೆಟ್ ಬೇಕೇ ಬೇಕಾ? ಮಡ್ ಟೆರೇನ್ (ಕೆಸರಿಗೆಂದೇ ಮಾಡಿದ) ಟಯರು ಇಷ್ಟು ದೊಡ್ಡ ಬಟನ್ ಇಟ್ಟುಕೊಂಡು ಹಿಮದಲ್ಲಿ ಚೆನ್ನಾಗಿಯೇ ಕಚ್ಚಬೇಕಲ್ಲವಾ? ಸ್ಟಡ್ (ಐಸ್ ಕಚ್ಚುವ ಲೋಹದ ಮೊಳೆ) ಹೊಡೆಸಬೇಕಾ?

ಹಿಮಕರಡಿ

ಮೊದಲು ತುರ್ತಿನ ವಿಷಯ. 4/32 ಇಂಚು ಅಂದರೆ 3.2 ಮಿ.ಮೀ. ಕಿಕಿಂಗ್ ಹಾರ್ಸ್ ಪಾಸ್ ಹತ್ತಿರ ಪ್ರಾಂತ್ಯದ ಗಡಿ ದಾಟಿ ಬ್ರಿಟಿಷ್ ಕೊಲಂಬಿಯಾಗೆ ಇಳಿದ ಕೂಡಲೇ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ವಿಂಟರ್ ಟಯರ್ ಕಡ್ಡಾಯ. ಎಂ+ಎಸ್ ಗುರುತನ್ನೂ ಒಪ್ಪುತ್ತಾರೆ, ಆದರೆ ಬಟನ್ ಕನಿಷ್ಠ 3.5 ಮಿ.ಮೀ. ಇರಬೇಕು. ನಿಮ್ಮದು ಅಲ್ಲಿಗೇ ಫೇಲ್. ಆಲ್ಬರ್ಟಾದಲ್ಲಿ ಈ ಕಡ್ಡಾಯ ಇಲ್ಲದ್ದರಿಂದ ಬಹಳ ಜನಕ್ಕೆ ಇದು ಗಡಿ ದಾಟುವವರೆಗೂ ನೆನಪಾಗಲ್ಲ.

ಎಂ+ಎಸ್ ಅನ್ನೋದನ್ನು ನಂಬಿ ಕೂರಬೇಡಿ. ಅದು ಬಟನ್ ಮಧ್ಯೆ ಇಂತಿಷ್ಟು ಜಾಗ ಇದೆ ಅಂತ ಹೇಳುತ್ತೆ, ಅಷ್ಟೆ. ಅದಕ್ಕೆ ಪರೀಕ್ಷೆ ಯಾವುದೂ ಇಲ್ಲ. ಬೆಟ್ಟದೊಳಗೆ ಹಿಮದ ಹರಳಿನ ಗುರುತು ಪರೀಕ್ಷೆ ಪಾಸಾದರೆ ಮಾತ್ರ ಸಿಗುತ್ತೆ. ಆ ಪರೀಕ್ಷೆಯೂ ತುಳಿದು ಗಟ್ಟಿಯಾದ ಹಿಮದ ಮೇಲಿನ ಎಳೆತವನ್ನು ಅಳೆಯುತ್ತೆ. ಐಸ್ ಮೇಲೆ ಬ್ರೇಕ್ ಹಾಕಿದರೆ ಗಾಡಿ ಎಲ್ಲಿ ನಿಲ್ಲುತ್ತೆ ಅನ್ನೋದನ್ನು ಅಳೆಯಲ್ಲ. ಹಾಗಾಗಿ ಗುರುತಿರುವ ಆಲ್ ಟೆರೇನ್ (ಡಾಂಬರು, ಮಣ್ಣು ಎರಡಕ್ಕೂ ಆಗುವ) ಟಯರಿಗೂ ಗುರುತಿರುವ ಅಸಲಿ ವಿಂಟರ್ ಟಯರಿಗೂ ಐಸಿನ ಮೇಲೆ ಅಜಗಜಾಂತರ.

ನೀವು ಹಿಮ, ಕೆಸರು ಅಂತ ಎರಡು ಬರೆದಿದ್ದೀರಿ. ಲೆಕ್ಕ ಹಾಕಿದರೆ ಮೂರು: ಹಿಮ, ಐಸ್, ಕೆಸರು. ಹಿಮಕ್ಕೂ ಕೆಸರಿಗೂ ದೊಡ್ಡ ಜಗಳ ಇಲ್ಲ, ಎರಡಕ್ಕೂ ಬಟನ್ ನಡುವೆ ಅಗಲವಾದ ಸಂದಿ ಬೇಕು. ಜಗಳ ಇರೋದು ಐಸಿಗೂ ಕೆಸರಿಗೂ. ಐಸ್ ಮೇಲೆ ಜಾರೋದಕ್ಕೆ ಕಾರಣ ಅದರ ಮೇಲಿರುವ ತೆಳ್ಳನೆಯ ನೀರಿನ ಪೊರೆ. ಅದನ್ನು ಹೀರಿ ಪಕ್ಕಕ್ಕೆ ತಳ್ಳಲು ಬಟನ್ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಾವಿರಾರು ಸಣ್ಣ ಸೀಳು ಬೇಕು, ಮೈನಸ್ 25ರಲ್ಲೂ ಮೆತ್ತಗಿರುವ ರಬ್ಬರ್ ಬೇಕು, ನೆಲಕ್ಕೆ ತಾಗುವ ರಬ್ಬರ್ ಜಾಸ್ತಿ ಬೇಕು. ಕೆಸರಿನ ಟಯರಿಗೆ ಬೇಕಾದ್ದು ಇದರ ತದ್ವಿರುದ್ಧ: ಗಟ್ಟಿ ರಬ್ಬರ್, ದೊಡ್ಡ ಇಡೀ ಬಟನ್, ಕಡಿಮೆ ಸೀಳು. ಸೀಳು ಹೆಚ್ಚಾದರೆ ಬಟನ್ ಬಳುಕುತ್ತೆ, ಜಲ್ಲಿ ಮೇಲೆ ತುಂಡು ತುಂಡಾಗಿ ಕಿತ್ತು ಬರುತ್ತೆ.

ನಿಮ್ಮ ಮಡ್ ಟೆರೇನ್ ಪ್ರಶ್ನೆಗೆ ಉತ್ತರವೂ ಇದೇ. ಬಿಎಫ್‌ಗುಡ್‌ರಿಚ್ ಕೆಎಂ3 ತರಹದ್ದು ಮೊಣಕಾಲುದ್ದ ಹೊಸ ಹಿಮದಲ್ಲಿ ಟ್ರ್ಯಾಕ್ಟರ್ ಹಾಗೆ ಹೋಗುತ್ತೆ. ಅದೇ ಟಯರು ಸಿಗ್ನಲ್ ಹತ್ತಿರ ಗಾಡಿಗಳು ನಿಂತು ಹೊರಟು ಗಾಜಿನ ಹಾಗೆ ಮಾಡಿಟ್ಟ ಐಸ್ ಮೇಲೆ ಬ್ರೇಕ್ ಒತ್ತಿದರೆ ಹಾಗೇ ಮುಂದಕ್ಕೆ ಜಾರುತ್ತೆ. ಫೋರ್ ವೀಲ್ ಡ್ರೈವ್ ಗಾಡಿಯನ್ನು ಎತ್ತಿಕೊಂಡು ಹೊರಡುತ್ತೆ, ನಿಲ್ಲಿಸಲು ಸಹಾಯ ಮಾಡಲ್ಲ.

ನನ್ನ ಸಲಹೆ ಎರಡು ಸೆಟ್. ನವೆಂಬರ್‌ನಿಂದ ಏಪ್ರಿಲ್‌ವರೆಗೆ ವಿಂಟರ್ ಟಯರ್: ನೋಕಿಯನ್ ಹಕ್ಕಪೆಲಿಟ್ಟ, ಮಿಶೆಲಿನ್ ಎಕ್ಸ್-ಐಸ್ ಸ್ನೋ ಎಸ್‌ಯುವಿ, ಬ್ರಿಜ್‌ಸ್ಟೋನ್ ಬ್ಲಿಜಾಕ್ ಡಿಎಂ-ವಿ2, ಇದರಲ್ಲಿ ನಿಮ್ಮ ಅಳತೆಗೆ ಸಿಕ್ಕಿದ್ದು. ಅಕ್ಟೋಬರ್‌ನಲ್ಲೇ ಗಡಿ ದಾಟುವುದಿದ್ದರೆ ಒಂದು ತಿಂಗಳು ಮೊದಲೇ ಹಾಕಿಸಿ. ಉಳಿದ ತಿಂಗಳಿಗೆ ಹರಳಿನ ಗುರುತಿರುವ ಆಲ್ ಟೆರೇನ್. ಇಲ್ಲಿ ಮೇ ತಿಂಗಳ ಕೊನೆಯಲ್ಲೂ ಹಿಮ ಬೀಳೋದು ಹೊಸದಲ್ಲ, ಹಾಗಾಗಿ ಬೇಸಿಗೆ ಸೆಟ್ಟಿಗೂ ಗುರುತು ಇರಲಿ. ಖರ್ಚು ದುಪ್ಪಟ್ಟು ಅನ್ನೋದು ಪೂರ್ತಿ ಸರಿಯಲ್ಲ. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯಲ್ಲವಲ್ಲ. ಹೆಚ್ಚಿಗೆ ಬೀಳೋದು ನಾಲ್ಕು ರಿಮ್ಮಿನ ದುಡ್ಡು.

ಬೆಟ್ಟದ ಜೀಪು

ಕರಡಿಯವರ ಮಾತಿಗೆ ಒಂದು ತಿದ್ದುಪಡಿ. ಹಿಮವೂ ಕೆಸರೂ ಒಂದೇ ತರಹದ ಬಟನ್ ಕೇಳುತ್ತೆ ಅನ್ನೋದು ಅರ್ಧ ಸತ್ಯ. ಹಿಮ ಬಟನ್ ಸಂದಿಯಲ್ಲಿ ಅಂಟಿ ಕೂರಬೇಕು, ಯಾಕೆಂದರೆ ಹಿಮವನ್ನು ಚೆನ್ನಾಗಿ ಹಿಡಿಯೋದು ಹಿಮವೇ. ಎರಡು ಹಿಡಿ ಹಿಮ ಒತ್ತಿದರೆ ಉಂಡೆ ಆಗುತ್ತಲ್ಲ, ಹಾಗೆ. ಕೆಸರು ಮಾತ್ರ ಸಂದಿಯಲ್ಲಿ ಕೂರಲೇಬಾರದು. ಗಾಲಿ ಒಂದು ಸಲ ಸುತ್ತುವಷ್ಟರಲ್ಲಿ ಅದನ್ನು ಕಿತ್ತೆಸೆದು ಸಂದಿ ಖಾಲಿಯಾಗಬೇಕು. ಕೂತರೆ ಟಯರು ನುಣ್ಣನೆ ಒನಕೆ ಆಗಿಬಿಡುತ್ತೆ, ಆಮೇಲೆ ಲಾಕರ್ ಹಾಕಿದರೂ ಅಷ್ಟೆ ಬಿಟ್ಟರೂ ಅಷ್ಟೆ. ಇಲ್ಲಿನ ತಪ್ಪಲಿನ ಮಣ್ಣು ಬಹುಪಾಲು ಜೇಡಿ. ಮಳೆ ಬಿದ್ದ ಮೊದಲ ಅರ್ಧ ಗಂಟೆ ಬರೀ ಮೇಲ್ಪದರ ಜಾರುತ್ತೆ, ನೀರು ಇಳಿದ ಮೇಲೆ ಹಿಟ್ಟಿನ ಹಾಗೆ ಹಿಡಿದುಕೊಳ್ಳುತ್ತೆ.

ಆದ್ದರಿಂದ ಆಲ್ ಟೆರೇನ್ ಕೊಳ್ಳುವಾಗ ಮೇಲಿನ ಡಿಸೈನ್ ನೋಡಿ ಮರುಳಾಗದೆ ಭುಜದ ಸಂದಿ ನೋಡಿ. ಬಟನ್ ಸಾಲು ಮುಗಿದು ಪಕ್ಕದ ಗೋಡೆ ಶುರುವಾಗುವ ಜಾಗದಲ್ಲಿ ಸಂದಿ ಹೊರಗಡೆಗೆ ಬಾಯಿ ತೆರೆದಿರಬೇಕು, ಕಿರುಬೆರಳು ಸಲೀಸಾಗಿ ಹೋಗಬೇಕು. ಅಲ್ಲಿ ಮುಚ್ಚಿದ್ದರೆ ಕೆಸರು ಹೊರಹೋಗಲು ದಾರಿಯೇ ಇಲ್ಲ. ಟೋಯೋ ಓಪನ್ ಕಂಟ್ರಿ ಎ/ಟಿ 3, ಫಾಲ್ಕನ್ ವೈಲ್ಡ್‌ಪೀಕ್ ಎ/ಟಿ3ಡಬ್ಲ್ಯೂ, ಬಿಎಫ್‌ಗುಡ್‌ರಿಚ್ ಕೆಒ2, ಈ ಮೂರಕ್ಕೂ ಹರಳಿನ ಗುರುತಿದೆ, ಮೂರೂ ನಿಮ್ಮ ಟ್ರೇಲಿಗೆ ಧಾರಾಳ ಸಾಕು. ಮಡ್ ಟೆರೇನ್ ನಿಮಗೆ ಬೇಡ. ಹೈವೇಯಲ್ಲಿ ಊಳಿಡುತ್ತೆ, ಡೀಸೆಲ್ಲೋ ಪೆಟ್ರೋಲೋ ಎರಡನ್ನೂ ಕುಡಿಯುತ್ತೆ.

ಟಯರಿಗಿಂತ ಹೆಚ್ಚು ವ್ಯತ್ಯಾಸ ಮಾಡೋದು ಗಾಳಿ. ಟ್ರೇಲು ಶುರುವಾಗುವ ಕಡೆ ನಿಂತು 35 ಇರೋದನ್ನು 20 ಪಿಎಸ್‌ಐಗೆ ಇಳಿಸಿ. ನೆಲಕ್ಕೆ ತಾಗುವ ಭಾಗ ಅಗಲವಾಗುತ್ತೆ ಅನ್ನೋದಕ್ಕಿಂತ ಉದ್ದವಾಗುತ್ತೆ, ಒಂದೇ ಸಲಕ್ಕೆ ಎರಡು ಮೂರು ಸಾಲು ಬಟನ್ ಹೆಚ್ಚಿಗೆ ಕಚ್ಚುತ್ತೆ. 15ರ ಕೆಳಗೆ ಇಳಿಸಬೇಡಿ. ಬೀಡ್ ಲಾಕ್ (ಟಯರಿನ ಅಂಚನ್ನು ರಿಮ್ಮಿಗೆ ಬಿಗಿಯುವ ಬಳೆ) ಇಲ್ಲದ ರಿಮ್ಮಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಯರು ರಿಮ್ಮಿನಿಂದ ಕಳಚಿಕೊಳ್ಳುತ್ತೆ, ಸಂದಿಗೆ ಕೆಸರು ಹೋದರೆ ಮತ್ತೆ ಗಾಳಿ ನಿಲ್ಲಲ್ಲ. ಇಳಿಸಿದ ಮೇಲೆ 30 ಕಿ.ಮೀ. ವೇಗ ದಾಟಬೇಡಿ. ಡಾಂಬರಿಗೆ ಬರುವ ಮುಂಚೆ ತುಂಬಿಸಲೇಬೇಕು, ಕಡಿಮೆ ಗಾಳಿಯಲ್ಲಿ ಹೈವೇ ಓಡಿಸಿದರೆ ಪಕ್ಕದ ಗೋಡೆ ಕಾದು ಒಳಗಿನ ದಾರ ಸಡಿಲವಾಗುತ್ತೆ. ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ಪಂಪು ಈ ಅಳತೆಯ ನಾಲ್ಕು ಟಯರಿಗೆ ಆಗಿಬರಲ್ಲ. ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದು ತಗೊಳ್ಳಿ.

ಓಡಿಸುವಾಗ: ಕೆಸರಿಗೆ ಇಳಿಯುವ ಮೊದಲೇ ಫೋರ್ ಲೋ (ನಾಲ್ಕೂ ಗಾಲಿಗೆ ಕಡಿಮೆ ವೇಗದ, ಹೆಚ್ಚು ಬಲದ ಗೇರು) ಹಾಕಿ, ಮಧ್ಯದಲ್ಲಿ ನಿಲ್ಲಿಸಿಕೊಂಡು ಹಾಕೋದಲ್ಲ. ವೇಗ ಒಂದೇ ಸಮ ಇರಲಿ. ಎಳೆತ ತಪ್ಪಿತು ಅನ್ನಿಸಿದರೆ ಸ್ಟಿಯರಿಂಗ್ ಸ್ವಲ್ಪ ಎಡ-ಬಲ ಆಡಿಸಿ, ಭುಜದ ಬಟನ್ ಪಕ್ಕದ ಗಟ್ಟಿ ಮಣ್ಣನ್ನು ಹಿಡಿಯುತ್ತೆ. ಗಾಲಿ ಸುತ್ತುತ್ತಿದೆ, ಗಾಡಿ ಮುಂದಕ್ಕೆ ಹೋಗುತ್ತಿಲ್ಲ ಅಂದರೆ ಆಕ್ಸಿಲರೇಟರ್ ಬಿಡಿ. ಜೇಡಿಯಲ್ಲಿ ಇನ್ನೂ ಹತ್ತು ಸೆಕೆಂಡ್ ಸುತ್ತಿಸಿದರೆ ಆಕ್ಸಲ್ ನೆಲ ಮುಟ್ಟಿ ಕೂರುತ್ತೆ, ಆಮೇಲೆ ಸಲಿಕೆಯೇ ಗತಿ.

ಮಲೆನಾಡಲ್ಲಿ ಮಳೆಗಾಲದಲ್ಲಿ ತೋಟದ ಜೀಪುಗಳ ಗಾಲಿಗೆ ಚೈನ್ ಕಟ್ತಾರಲ್ಲ, ಅದು ಇಲ್ಲೂ ನಡೆಯುತ್ತಾ ಅಂತ ಕೇಳೋರಿದ್ದಾರೆ. ಕೆಸರಿಗೆ ನಡೆಯುತ್ತೆ. ಆದರೆ ಈ ಗಾಡಿಯಲ್ಲಿ ಗಾಲಿಗೂ ಬ್ರೇಕ್ ಪೈಪಿಗೂ ಮಧ್ಯೆ ಜಾಗ ಕಡಿಮೆ. ಯಾವ ಅಳತೆಗೆ, ಯಾವ ಜಾತಿಯ ಚೈನ್, ಯಾವ ಆಕ್ಸಲ್ಲಿಗೆ ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತಾರೆ. ಅದನ್ನು ಬಿಟ್ಟು ಬೇರೆ ಕಟ್ಟಬೇಡಿ.

ಕೆಸರುಕಾಲು

ಇಬ್ಬರಿಗೂ ಧನ್ಯವಾದ. ಎರಡು ಸೆಟ್ಟಿಗೆ ಮನಸ್ಸು ಮಾಡಿದೆ. ಟಯರ್ ಅಂಗಡಿಯಲ್ಲಿ ಕೇಳಿದರೆ ಎರಡಕ್ಕೂ ಎಲ್‌ಟಿ, ಅಂದರೆ ಲೈಟ್ ಟ್ರಕ್ಕಿನ ಟಯರು, ಅದರಲ್ಲೂ ಲೋಡ್ ರೇಂಜ್ ಇ, ಟೆನ್ ಪ್ಲೈ ಅನ್ನೋ ದಪ್ಪ ಗೋಡೆಯದ್ದು ಹಾಕಿಸಿ, ಟ್ರಕ್ಕಿಗೆ ಅದೇ ಸರಿ, ಗಾಳಿ ಬಾಗಿಲಿನ ಸ್ಟಿಕರ್ ಪ್ರಕಾರ 35 ಇರಲಿ ಅಂತಾರೆ. ಹೌದಾ? ಮತ್ತೆ ಅದೇ 18 ಇಂಚಿನ ರಿಮ್ ತಗೋಬೇಕಾ?

ನಟ್ಟುಬೋಲ್ಟು

ಸಾರ್, ಅಂಗಡಿಯವರು ಹೇಳಿದ್ದರಲ್ಲಿ ಎರಡು ತಪ್ಪು.

ಒಂದು, 35ರ ಲೆಕ್ಕ. ಬಾಗಿಲಿನ ಸ್ಟಿಕರ್ ಬರೆದಿರೋದು ಗಾಡಿ ಜೊತೆ ಬಂದ ಟಯರಿಗೆ. ಲೋಡ್ ಇಂಡೆಕ್ಸ್ 116 ಅಂದರೆ 1250 ಕೆ.ಜಿ. ಆ ಜಾತಿಯ (ಕಾರಿನ ಲೆಕ್ಕದ) ಟಯರನ್ನು ಟ್ರಕ್ಕಿಗೆ ಹಾಕಿದಾಗ 1.1ರಿಂದ ಭಾಗಿಸಬೇಕು, 1136 ಕೆ.ಜಿ. ಆಯಿತು. ಇಷ್ಟು ಭಾರವನ್ನು ಅದು 35 ಪಿಎಸ್‌ಐನಲ್ಲೇ ಹೊರುತ್ತೆ. ಅದೇ ಅಳತೆಯ ಎಲ್‌ಟಿ ಟಯರು 1150 ಕೆ.ಜಿ. ಹೊರಲು 50 ಪಿಎಸ್‌ಐ ಬೇಕು. ಎಲ್‌ಟಿಗೆ 35 ಹೊಡೆದು ಹೈವೇ ಓಡಿಸಿದರೆ ಅದು ಗಾಳಿ ಕಡಿಮೆ ಇರುವ ಟಯರು. ಹಾಗಂತ ಗೋಡೆ ಮೇಲೆ 80 ಅಂತ ಬರೆದಿದೆ ಎಂದು 80 ಹೊಡೆಸೋದೂ ತಪ್ಪು: ಖಾಲಿ ಗಾಡಿಯಲ್ಲಿ ಟಯರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಅಷ್ಟೇ ಸವೆಯುತ್ತೆ, ಐಸ್ ಮೇಲೆ ಹಿಡಿತ ಇನ್ನೂ ಹೋಗುತ್ತೆ. ಎಲ್‌ಟಿ ಹಾಕಿದರೆ ಖಾಲಿ ಓಡಾಟಕ್ಕೆ 42ರಿಂದ 45, ಪೂರ್ತಿ ಲೋಡಿಗೆ 50.

ಎರಡು, ಚಳಿಗಾಲದ ಸೆಟ್ಟಿಗೆ ರೇಂಜ್ ಇ ಯಾಕೆ? ಟ್ರೇಲರ್ ಇಲ್ಲ, 200 ಕೆ.ಜಿ. ಸಾಮಾನು. ರೇಂಜ್ ಇ ಒಂದೊಂದು ಟಯರು 5-6 ಕೆ.ಜಿ. ಜಾಸ್ತಿ ತೂಗುತ್ತೆ, ಗೋಡೆ ದಪ್ಪ, ಖಾಲಿ ಟ್ರಕ್ಕಿನ ಹಿಂಭಾಗ ಉಬ್ಬುತಗ್ಗಿನ ಐಸ್ ಮೇಲೆ ಕುಣಿಯುತ್ತೆ. ಚಳಿಗಾಲಕ್ಕೆ 116 ಇಂಡೆಕ್ಸಿನ ಮಾಮೂಲಿ ಟಯರೇ ಹಾಕಿ, 35 ಪಿಎಸ್‌ಐ ಸಾಕು. ಬೇಸಿಗೆಯ ಆಲ್ ಟೆರೇನ್ ಬೇಕಾದರೆ ಎಲ್‌ಟಿ ಇರಲಿ. ಅಲ್ಲಿ ದಪ್ಪ ಗೋಡೆ ಕಲ್ಲಿನ ಮೊನೆಗೂ ಮರದ ಬೇರಿಗೂ ಉಪಯೋಗ, ಬಟನ್ನೂ ಆಳ. ಗೋಡೆ ಬಿಗಿ ಇರೋದರಿಂದ ಟ್ರೇಲಿನಲ್ಲಿ 20ರ ಬದಲು 18ಕ್ಕೆ ಇಳಿಸಬಹುದು.

ರಿಮ್ಮಿನ ವಿಷಯ. ಎಫ್-150ಗೆ ಆರು ಬೋಲ್ಟು, 135 ಮಿ.ಮೀ. ವೃತ್ತ, ನಡುವಿನ ತೂತು 87.1 ಮಿ.ಮೀ. ಬೇರೆ ಕಂಪನಿಯ ಆರು ಬೋಲ್ಟಿನ ಎಷ್ಟೋ ಟ್ರಕ್ಕಿನದ್ದು 139.7. ಕಣ್ಣಿಗೆ ಒಂದೇ ತರಹ, ಕೂರಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಇಲ್ಲೇ ಜನ ಮೋಸ ಹೋಗೋದು. ಚಳಿಗಾಲಕ್ಕೆ 17 ಇಂಚಿನ ಕಬ್ಬಿಣದ ರಿಮ್, 265/70ಆರ್17 ಟಯರು ನೋಡಿ. ಎತ್ತರ 803 ಮಿ.ಮೀ., ನಿಮ್ಮದು 815. ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ 98.5, ತೊಂದರೆ ಇಲ್ಲ. ಅಗಲ 10 ಮಿ.ಮೀ. ಕಡಿಮೆ ಆದಷ್ಟೂ ಅರೆಕರಗಿದ ಹಿಮವನ್ನು ಕೊಯ್ದುಕೊಂಡು ನೆಲಕ್ಕೆ ಇಳಿಯುತ್ತೆ, ಅಗಲದ ಟಯರು ಅದರ ಮೇಲೆ ತೇಲುತ್ತೆ. ಪಿಕಪ್‌ಗಳಲ್ಲಿ ಬಹಳ ಓಡುವ ಅಳತೆ, ಹಾಗಾಗಿ ಆಯ್ಕೆಯೂ ಹೆಚ್ಚು. ದುಡ್ಡು ಕೊಡುವ ಮುಂಚೆ ಬ್ರೇಕ್ ಕ್ಯಾಲಿಪರಿಗೆ ತಾಗಲ್ಲ ಅಂತ ಒಂದು ರಿಮ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ.

18ರಲ್ಲೇ ಇರಬೇಕು ಅಂದರೆ 255/70ಆರ್18, ಎತ್ತರ ನಿಮ್ಮದರ ಸಮ, ಅಗಲ 20 ಮಿ.ಮೀ. ಕಡಿಮೆ. ಆದರೆ ಇಂಡೆಕ್ಸ್ 113ಕ್ಕೆ ಇಳಿಯುತ್ತೆ, 1.1ರಿಂದ ಭಾಗಿಸಿದರೆ ಟಯರಿಗೆ 1045 ಕೆ.ಜಿ. ಎರಡಕ್ಕೆ 2090. ಬಾಗಿಲಿನ ಸ್ಟಿಕರ್ ಮೇಲೆ ಹಿಂದಿನ ಆಕ್ಸಲ್‌ಗೆ ಬರೆದಿರುವ ಅಂಕಿ ಇದಕ್ಕಿಂತ ಕಡಿಮೆ ಇದೆಯಾ ನೋಡಿಕೊಳ್ಳಿ. 17ಕ್ಕೂ ಇದೇ ಲೆಕ್ಕ ಹಾಕಿ.

ಗಾಳಿ ಬಗ್ಗೆ ಇನ್ನೊಂದು. ಪ್ರತಿ 5.6 ಡಿಗ್ರಿ ಚಳಿಗೆ ಹತ್ತಿರ ಹತ್ತಿರ 1 ಪಿಎಸ್‌ಐ ಇಳಿಯುತ್ತೆ. 15 ಡಿಗ್ರಿ ಬೆಚ್ಚಗಿರುವ ಗ್ಯಾರೇಜಿನಲ್ಲಿ 35 ಹೊಡೆದು ಮೈನಸ್ 25ಕ್ಕೆ ಹೊರತಂದರೆ ಅದು 28. ಕ್ಯಾಲ್ಗರಿಯಲ್ಲಿ ಶಿನೂಕ್ ಗಾಳಿ ಬೀಸಿದರೆ ಒಂದೇ ದಿನ ಮೈನಸ್ 20ರಿಂದ ಪ್ಲಸ್ 8 ಆಗುತ್ತೆ, ಅಂದರೆ 5 ಪಿಎಸ್‌ಐ ಏರುಪೇರು. ಗಾಡಿ ಹೊರಗೆ ನಿಲ್ಲೋದಾದರೆ ಹೊರಗೇ, ಬೆಳಗ್ಗೆ ಓಡಿಸುವ ಮುಂಚೆ ಅಳೆಯಿರಿ. ಬೆಚ್ಚಗಾದ ದಿನ ಹೆಚ್ಚು ತೋರಿಸಿತು ಅಂತ ಬಿಡಬೇಡಿ.

ಕೊಳ್ಳುವಾಗ ಗೋಡೆ ಮೇಲಿನ ಡಿಒಟಿ ನಂಬರಿನ ಕೊನೆಯ ನಾಲ್ಕಂಕಿ ಓದಿ. 3523 ಅಂದರೆ 2023ರ 35ನೇ ವಾರದ್ದು. ರಿಯಾಯಿತಿ ಅಂತ ಬಲವಂತ ಮಾಡುವ ಸ್ಟಾಕ್ ಸಾಮಾನ್ಯವಾಗಿ ಹಳೆಯದು. ವಿಂಟರ್ ರಬ್ಬರ್ ಗೋದಾಮಿನಲ್ಲಿ ಕೂತೇ ಗಟ್ಟಿಯಾಗುತ್ತೆ.

ಹಿಮಕರಡಿ

ಸ್ಟಡ್ ಪ್ರಶ್ನೆ ಉಳಿದಿತ್ತು. ಆಲ್ಬರ್ಟಾದಲ್ಲಿ ವರ್ಷವಿಡೀ ನಡೆಯುತ್ತೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30, ನಿಮ್ಮ ತೂಕದ ಗಾಡಿಗೆ ಟಯರಿಗೆ 130 ಸ್ಟಡ್ ಮೀರಬಾರದು, 3.5 ಮಿ.ಮೀ.ಗಿಂತ ಹೆಚ್ಚು ಹೊರಗೆ ಚಾಚಬಾರದು.

ಸ್ಟಡ್ ಅತಿ ಹೆಚ್ಚು ಕೆಲಸಕ್ಕೆ ಬರೋದು ಸೊನ್ನೆಯ ಆಸುಪಾಸಿನ ಒದ್ದೆ ಐಸ್ ಮೇಲೆ. ಮೈನಸ್ 25ರಲ್ಲಿ ಐಸ್ ಒಣಗಿ ಅಷ್ಟೇನೂ ಜಾರಲ್ಲ, ಆಗ ಮೆತ್ತನೆ ರಬ್ಬರಿನ ಸ್ಟಡ್ ಇಲ್ಲದ ಟಯರೇ ಸಾಕು. ನಿಮ್ಮ ಓಡಾಟದ ಬಹುಪಾಲು ಊರೊಳಗೆ, ಬೋಳು ಡಾಂಬರಿನ ಮೇಲೆ. ಅಲ್ಲಿ ಸ್ಟಡ್ ಸದ್ದು ಮಾಡುತ್ತೆ, ಬ್ರೇಕ್ ದೂರ ಹೆಚ್ಚಿಸುತ್ತೆ. ನಾನಾದರೆ ನಿಮಗೆ ಸ್ಟಡ್ ಬೇಡ ಅಂತೀನಿ. ರೆವೆಲ್‌ಸ್ಟೋಕ್ ಕಡೆ ವಾರಕ್ಕೊಮ್ಮೆ ಹೋಗೋದಾದರೆ ಮಾತು ಬೇರೆ. ಹಾಕಿಸೋದಾದರೆ ಹೊಚ್ಚ ಹೊಸ ಟಯರಿಗೆ ಮಾತ್ರ, ನಾಲ್ಕಕ್ಕೂ. ಓಡಿದ ಟಯರಿನ ತೂತಿನಲ್ಲಿ ಮರಳು ಕೂತಿರುತ್ತೆ, ಸ್ಟಡ್ ಉಳಿಯಲ್ಲ. ಮೊದಲ 500 ಕಿ.ಮೀ. ಜೋರು ಬ್ರೇಕ್, ಜೋರು ತಿರುವು ಇಲ್ಲದೆ ಓಡಿಸಿ, ಆಗ ಬುಡ ಕಚ್ಚಿ ಕೂರುತ್ತೆ.

ಸ್ಟಡ್ ಇಲ್ಲದ ವಿಂಟರ್ ಟಯರಿನಲ್ಲಿ ಕೆಲವಕ್ಕೆ ಆ ಮೆತ್ತನೆ ರಬ್ಬರ್ ಮೇಲಿನ ಅರ್ಧದಷ್ಟೇ. 5/32 ಇಂಚಿಗೆ ಬಂದ ಮೇಲೆ ಕಾನೂನಿಗೆ ಪಾಸಾದರೂ ಐಸಿಗೆ ಫೇಲ್. ಅಂಥ ಟಯರನ್ನು ಒಂದು ಬೇಸಿಗೆ ಡಾಂಬರ್ ಮೇಲೆ ಸವೆಸಿ ಎಸೆಯಿರಿ, ಮತ್ತೊಂದು ಚಳಿಗಾಲಕ್ಕೆ ಎಳೆಯಬೇಡಿ.

ಕೆಸರುಕಾಲು

ಅರ್ಥ ಆಯಿತು. 17 ಇಂಚು, ಸ್ಟಡ್ ಇಲ್ಲದ್ದು ಬರೆದುಕೊಂಡೆ. ಕೊನೇ ಪ್ರಶ್ನೆ: ವರ್ಷಕ್ಕೆರಡು ಸಲ ಗಾಲಿ ಬದಲಿಸೋದನ್ನು ಮನೆಯಲ್ಲೇ ಮಾಡಬಹುದಾ? ಮತ್ತೆ ಅಕ್ಟೋಬರ್‌ನಲ್ಲಿ ಟ್ರೇಲಿಗೆ ಹೋಗಿ ಬಂದ ಮರುದಿನ ಹೈವೇಯಲ್ಲಿ 90 ದಾಟಿದರೆ ಸ್ಟಿಯರಿಂಗ್ ನಡುಗುತ್ತೆ ಅಂತ ಗೆಳೆಯರು ಹೇಳ್ತಾರೆ. ಬ್ಯಾಲೆನ್ಸಿಂಗ್ ಹೋಗಿರುತ್ತಾ?

ನಟ್ಟುಬೋಲ್ಟು

ಮನೆಯಲ್ಲೇ ಮಾಡಿ. 21 ಮಿ.ಮೀ. ಸಾಕೆಟ್, ಟಾರ್ಕ್ ರೆಂಚ್, ತಂತಿ ಬ್ರಷ್, ಜ್ಯಾಕ್ ಸ್ಟ್ಯಾಂಡ್ ಬೇಕು. ಗಾಲಿ ಬಿಚ್ಚಿದ ಮೇಲೆ ರಿಮ್ ಬಂದು ಕೂರುವ ಹಬ್ಬಿನ ಮುಖದ ತುಕ್ಕನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ತುಕ್ಕಿನ ಪದರ ಉಳಿದರೆ ಬಿಗಿ ಮಾಡಿದಾಗ ಅದರ ಮೇಲೆ ಬಿಗಿಯಾಗಿರುತ್ತೆ, ನಾಲ್ಕು ದಿನಕ್ಕೆ ಅದು ಪುಡಿಯಾಗಿ ನಟ್ಟು ಸಡಿಲ. ಬೋಲ್ಟಿನ ಥ್ರೆಡ್ಡಿಗೆ (ಸುರುಳಿ ಗೆರೆಗೆ) ಗ್ರೀಸ್, ಎಣ್ಣೆ ಸವರಬೇಡಿ, ರೆಂಚಿನ ಲೆಕ್ಕ ತಪ್ಪುತ್ತೆ. ನಟ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಒಂದು ಬಿಟ್ಟು ಒಂದರಂತೆ ಎದುರುಬದುರು ಬಿಗಿ ಮಾಡಿ, ಗಾಲಿ ನೆಲಕ್ಕೆ ಇಳಿಸಿದ ಮೇಲೆ 150 ಫುಟ್-ಪೌಂಡ್. ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಅದೇ 150. ನಟ್ಟಿನ ಮೇಲೆ ಹೊಳೆಯುವ ಟೊಪ್ಪಿ ಇರುವ ಎರಡು ತುಂಡಿನ ಜಾತಿಯಾದರೆ ಒಳಗೆ ತುಕ್ಕು ಸೇರಿ ಊದಿಕೊಳ್ಳುತ್ತೆ, ಸಾಕೆಟ್ ಹತ್ತಲ್ಲ. ಒಂದೇ ತುಂಡಿನ ನಟ್ಟಿಗೆ ಬದಲಿಸಿಬಿಡಿ, ರಸ್ತೆ ಬದಿಯಲ್ಲಿ ಪಂಕ್ಚರ್ ಆದ ದಿನ ಬೇಕಾಗುತ್ತೆ.

ಬಿಚ್ಚಿದ ಗಾಲಿಗೆ ಸೀಮೆಸುಣ್ಣದಲ್ಲಿ ಎಡ-ಮುಂದೆ, ಬಲ-ಹಿಂದೆ ಅಂತ ಬರೆದು, ಕಪ್ಪು ಚೀಲದಲ್ಲಿ ಕಟ್ಟಿ, ಒಂದರ ಮೇಲೊಂದು ಮಲಗಿಸಿ. ಫ್ರೀಜರ್, ಫರ್ನೇಸಿನ ಮೋಟಾರ್ ಪಕ್ಕ ಬೇಡ, ಅದರ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತೆ.

ನಡುಕಕ್ಕೆ ಬ್ಯಾಲೆನ್ಸಿಂಗ್ ಅಂತ ದುಡ್ಡು ಕೊಡುವ ಮುಂಚೆ ಗಾಲಿಯ ಹಿಂದೆ ಟಾರ್ಚ್ ಬಿಟ್ಟು ನೋಡಿ. ಟ್ರೇಲಿನ ಜೇಡಿ ರಿಮ್ಮಿನ ಒಳಗೋಡೆಯಲ್ಲಿ ಒಂದು ಕಡೆ ಹೆಪ್ಪುಗಟ್ಟಿರುತ್ತೆ, ರಾತ್ರಿ ಮೈನಸ್ಸಿಗೆ ಹೋದರೆ ಕಲ್ಲಾಗುತ್ತೆ. ಹೊರಗಿನಿಂದ ಗಾಡಿ ಫಳಫಳ, ಒಳಗೆ ಅಂಗೈ ಅಗಲದ ಮಣ್ಣಿನ ಹೆಂಟೆ. ಹತ್ತಿಪ್ಪತ್ತು ಗ್ರಾಂ ತೂಕದ ತುಂಡಿನಲ್ಲಿ ಸಮ ಮಾಡಿದ ಗಾಲಿಗೆ ಅಷ್ಟು ಭಾರ ಒಂದೇ ಪಕ್ಕದಲ್ಲಿ ಕೂತರೆ ನಡುಗದೆ ಇನ್ನೇನು? ಟ್ರೇಲಿನಿಂದ ಬಂದ ದಿನವೇ, ಮಣ್ಣು ಹಸಿ ಇರುವಾಗ, ಪ್ರೆಶರ್ ವಾಶರಿನ ಮೊನೆಯನ್ನು ಗಾಲಿಯ ಹಿಂದಿನಿಂದ ಹಿಡಿದು ತೊಳೆಯಿರಿ, ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ಬಿಟ್ಟು ಇನ್ನೊಮ್ಮೆ. ಹೆಪ್ಪುಗಟ್ಟಿದ ಮೇಲೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಸ್ಕ್ರೂಡ್ರೈವರ್ ಹಾಕಿ ಕೆತ್ತಿದರೆ ಬ್ಯಾಲೆನ್ಸಿನ ತುಂಡೂ ಕಿತ್ತು ಬರುತ್ತೆ. ತೊಳೆದ ಮೇಲೆ ಎರಡು ಮೂರು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ ನಿಲ್ಲಿಸಿ, ಇಲ್ಲದಿದ್ದರೆ ಬೆಳಗ್ಗೆ ಪ್ಯಾಡ್ ಅಂಟಿಕೊಂಡಿರುತ್ತೆ. ಇಷ್ಟಾದ ಮೇಲೂ ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಿ.